ಸಮುದ್ರವಿಲ್ಲದ ಊರಿನ ಜಾಜ್

ಏಪ್ರಿಲ್ 25, ಶುಕ್ರವಾರ. ನಾರಾಯಣಪೇಟೆ

ತೆಲಂಗಾಣದ ಇಂಟರ್ ಎರಡನೇ ವರ್ಷದ ಫಲಿತಾಂಶ ಬಂದಿದೆ. ನಮ್ಮ ಜೂನಿಯರ್ ಕಾಲೇಜಿನಲ್ಲಿ ಗಣಿತದಲ್ಲಿ ಫೇಲಾದವರ ಅಪ್ಪಂದಿರು ಬಂದು ನನ್ನನ್ನು ಬಯ್ದು ಮುಗಿಸಿದ್ದಾರೆ, ಹಾಗಾಗಿ ಇವತ್ತು ಕೊಂಚ ಬಿಡುವು. ಆ ಬಿಡುವಿಗೇ ಕಾದಿದ್ದವಳಂತೆ ಮಕ್ತಲ್‌ನಿಂದ ಗಂಗಾಂಬಿಕಾ ಅಕ್ಕ ಫೋನು ಮಾಡಿದಳು. ಮಗಳು ಶಿವರಂಜನಿ ಪಾಸು. ಮುಂದಿನ ಕಾಲೇಜು ಹುಡುಕಿಕೊಡುವ ಕೆಲಸ ನನ್ನದು. ಮದುವೆ ಮಾಡಿಕೊಳ್ಳದೆ ಉಳಿದ ತಮ್ಮನಿಗೆ ಇಂಥ ಕೆಲಸಗಳು ಹೇಳದೆ ಕೇಳದೆ ಬಂದು ಬೀಳುತ್ತವೆ.

ಹುಡುಗಿಗೆ ಜಾಝ್ ಸಂಗೀತ ಓದಬೇಕಂತೆ. ಮಕ್ತಲ್ ಮಠದ ಸೋಮವಾರದ ಭಜನೆಗೆ ಚಿಕ್ಕಂದಿನಿಂದ ಹಾರ್ಮೋನಿಯಂ ಪೇಟಿ ಬಾರಿಸುತ್ತಾಳೆ, ಅದು ಗೊತ್ತಿತ್ತು. ಪೇಟಿಯಿಂದ ಇಲ್ಲಿಗೆ ಹೇಗೆ ಹಾರಿದಳೋ ಗೊತ್ತಿಲ್ಲ, ಫೋನಿನಲ್ಲಿ ಕೇಳಿ ಕೇಳಿ ಹುಚ್ಚು ಹಿಡಿಸಿಕೊಂಡಿರಬೇಕು. ಒಂದು ತುಣುಕು ನನಗೂ ಕಳಿಸಿದ್ದಳು. ಯಾರೋ ಮೆಟ್ಟಿಲು ಇಳಿಯುತ್ತ ನಡುವೆ ಏನೋ ನೆನಪಾಗಿ ಮತ್ತೆ ಹತ್ತಿದ ಹಾಗಿತ್ತು. ಅರ್ಧಕ್ಕೆ ನಿಲ್ಲಿಸಿದೆ.

ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸ್ಟಾಫ್ ರೂಮಿನ ತೆಲುಗು ಗೆಳೆಯರು ಅಕ್ಷರ ಕೂಡಿಸಿ ಓದಿಯಾರು, ಅರ್ಥವಾಗುವುದಿಲ್ಲ. ನನಗೆ ಅಷ್ಟು ಬಂದೋಬಸ್ತು ಸಾಕು.

ಏಪ್ರಿಲ್ 27, ಭಾನುವಾರ

ಮಕ್ತಲ್‌ಗೆ ಹೋಗಿ ಬಂದೆ. ಗುರುಲಿಂಗ ಮಾವ, ಅಂದರೆ ಅಕ್ಕನ ಗಂಡ, ತೊಗರಿ ಶೇಂಗಾದ ಅಡತಿ ಅಂಗಡಿಯವರು, ರೈತರ ಮಾಲು ಮಾರಿಸಿಕೊಡುವವರು. ಒಂದು ಚೀಲಕ್ಕೆ ನಾಲ್ಕು ಸಲ ಕೈ ಹಾಕಿ ನೋಡುವ ಮನುಷ್ಯ. ಜಾಝ್ ಎಂದ ಕೂಡಲೇ ಎಗರಿ ಬೀಳುತ್ತಾರೆಂದು ತಯಾರಾಗಿ ಹೋಗಿದ್ದೆ. ಅವರು ನಗುನಗುತ್ತಾ ಒಪ್ಪಿಕೊಂಡುಬಿಟ್ಟರು.

"ಕಳಸೋಣು. ಛಲೋ ಲೈನ್ ಐತಿ. ಮದ್ರಾಸಿನ್ಯಾಗ ಇರಬೇಕಲ್ಲ ಅದು?"

ಚೆನ್ನೈಯಲ್ಲಿ ಒಂದಿದೆ ಎಂದೆ. ಮತ್ತೆ ಅಲ್ಲೇ ಇರಬೇಕು, ನಮ್ಮ ಕಡೆ ಹೇಗಿದ್ದೀತು ಎಂದರು. ನನಗೆ ಏನೋ ತಾಳೆಯಾಗಲಿಲ್ಲ. ಅಷ್ಟರಲ್ಲಿ ಅವರ ತಾಯಿ ಸಂಗಮ್ಮತ್ತೆ ಒಳಗಿಂದ ಚಹಾ ತಂದು ಕೊಟ್ಟು ಹೇಳಿದರು:

"ನಮ್ಮ ಶಿವಿ ಜಾಜ್ ನಡಸಾಕ ಕಲೀತಾಳಂತಪ. ಜುರಾಲ ಡ್ಯಾಮಿನ ನೀರಾಗ ಕಾಲಿಡಾಕ ಅಂಜತಿದ್ದಳು. ನೋಡು ಹ್ಯಾಂಗ ಕಾಲ ಬಂತು."

ಆಗ ತಿಳಿಯಿತು. ಅಡತಿ ಬಜಾರಿನ ದಖನಿ ಉರ್ದುವಿನಲ್ಲಿ ಹಡಗಿಗೆ ಜಹಾಜ್. ನಮ್ಮವರ ಬಾಯಲ್ಲಿ ನಡುವಿನ ಹಕಾರ ಉಳಿಯುವುದಿಲ್ಲ, ಜಾಜ್ ಆಗುತ್ತದೆ. ಹುಡುಗಿ ಹಡಗಿನ ಓದಿಗೆ ಹೊರಟಿದ್ದಾಳೆಂದು ತಾಯಿ ಮಗ ಇಬ್ಬರೂ ತಿಳಿದಿದ್ದಾರೆ. ಇಡೀ ಬಜಾರಿಗೂ ಹೇಳಿದ್ದಾರೆ. ಅಕ್ಕ ತಲೆ ತಗ್ಗಿಸಿ ಹೀರೇಕಾಯಿ ಹೆರೆಯುತ್ತಿದ್ದಳು, ಅವಳಿಗೆ ಗೊತ್ತಿರುವುದು ಕಂಡಿತು. ರಂಜನಿ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಚಹಾ ಕುಡಿದೆ.

ಏಪ್ರಿಲ್ 28

ರಂಜನಿಗೆ ಫೋನು ಮಾಡಿ ಕೇಳಿದೆ. ಅವಳ ಉತ್ತರ: "ನಾ ಸುಳ್ಳು ಹೇಳಿಲ್ಲರಿ ಮಾಮಾ. ಜಾಝ್ ಅಂತನೇ ಹೇಳೀನಿ. ಅವರು ಕೇಳಿದ್ದು ಬ್ಯಾರೆ."

ವಕೀಲಿಗೆ ಸೇರಿಸಬೇಕಿತ್ತು ಇವಳನ್ನು. ಇರಲಿ. ನನ್ನ ಕೆಲಸ ಕಾಲೇಜು ಹುಡುಕುವುದು. ಉಳಿದದ್ದಕ್ಕೂ ನನಗೂ ಸಂಬಂಧವಿಲ್ಲ.

ಮೇ 6, ಮಂಗಳವಾರ

ಹುಡುಕಿದೆ. ಜಾಝ್ ಕಲಿಸುವೆವೆಂದು ಹೇಳಿಕೊಳ್ಳುವ ಕಾಲೇಜುಗಳಲ್ಲಿ ಅರ್ಧಕ್ಕರ್ಧ ಕಲಿಸುವುದು ಸಿನಿಮಾ ಹಾಡು. ಗಟ್ಟಿಯಾಗಿ ಉಳಿದದ್ದು ಎರಡು.

ಒಂದು ಚೆನ್ನೈಯದು. ಗಾಜಿನ ಕೋಣೆ, ಕೋಣೆಗೊಂದು ಪಿಯಾನೊ, ವಿದೇಶದಿಂದ ಬಂದು ಹೋಗುವ ಮೇಷ್ಟರು. ಫೀಸು ಕೇಳಿ, ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಫೋನನ್ನು ಇನ್ನೊಂದು ಕಿವಿಗೆ ಹಿಡಿದು ಮತ್ತೆ ಕೇಳಿದೆ. ಸರಿಯಾಗಿಯೇ ಕೇಳಿಸಿತ್ತು.

ಇನ್ನೊಂದು ಹೈದರಾಬಾದಿನದು. ಸಿಕಂದರಾಬಾದಿನ ಒಂದು ಹಳೆಯ ಬಂಗಲೆಯಲ್ಲಿ ಸಂಜೆ ಶಾಲೆ, ಮೂರು ವರ್ಷದ ಜಾಝ್ ಡಿಪ್ಲೊಮಾ. ಬೆಳಿಗ್ಗೆ ಸರ್ಕಾರಿ ಮಹಿಳಾ ಕಾಲೇಜಿನಲ್ಲಿ ಬಿ.ಎ. ಮಾಡಬಹುದು. ಇರಲು ನಮ್ಮ ಸಮಾಜದ ಹುಡುಗಿಯರ ಹಾಸ್ಟೆಲ್ ಇದೆ, ದಾಸೋಹದ ಊಟ. ಎಲ್ಲ ಕೂಡಿದರೂ ಚೆನ್ನೈಯ ಕಾಲುಭಾಗಕ್ಕೆ ಬರುವುದಿಲ್ಲ. ಕಲಿಸುವವರು ಒಬ್ಬ ವಯಸ್ಸಾದ ಮೇಡಂ. ಅವರ ಶಿಷ್ಯರು ಬಾರಿಸಿದ್ದು ಫೋನಿನಲ್ಲಿತ್ತು, ಕೇಳಿದೆ. ಮೆಟ್ಟಿಲು ಇಳಿಯುತ್ತಿದ್ದವರು ಈ ಸಲ ಏನನ್ನೂ ಮರೆಯದೆ ಕೆಳಗೆ ತಲುಪಿದರು.

ಲೆಕ್ಕ ಸುಲಭ, ಹೈದರಾಬಾದು. ಹಾಗೆಂದು ಬರೆದು ಪೆನ್ನು ಕೆಳಗಿಟ್ಟ ಮೇಲೆ ಹೊಳೆಯಿತು. ಹೈದರಾಬಾದಿನಲ್ಲಿ ಸಮುದ್ರವಿಲ್ಲ. ಸಮುದ್ರವಿಲ್ಲದ ಊರಿಗೆ ಹಡಗಿನ ಓದಿಗೆ ಮಗಳನ್ನು ಯಾರು ಕಳಿಸುತ್ತಾರೆ?

ಮೇ 11, ಭಾನುವಾರ. ಗದ್ವಾಲ

ಎರಡೂ ಕಾಲೇಜಿಗೆ ಅರ್ಜಿ ಹಾಕಿದ್ದೇವೆ, ಅವರಿಗೆ ಎರಡೂ ಕೈಯಲ್ಲಿ ಬಾರಿಸಿದ ವಿಡಿಯೊ ಬೇಕು. ಮಠದ ಪೇಟಿಗೆ ಎಡಗೈ ಹಿಂದಿನ ಹಲಗೆ ತಳ್ಳಿ ಗಾಳಿ ಹಾಕಬೇಕು, ಪಟ್ಟಿಗಳ ಮೇಲೆ ಓಡುವುದು ಬಲಗೈ ಒಂದೇ. ಗದ್ವಾಲದ ಪೆದ್ದಪ್ಪ ಎಂಬುವರ ಬಳಿ ಕಾಲುಪೇಟಿ ಇದೆ ಎಂದು ರಂಜನಿಯೇ ಪತ್ತೆ ಹಚ್ಚಿದ್ದಳು. ಹಿಂದೆ ನಾಟಕ ಕಂಪನಿಯಲ್ಲಿ ಬಾರಿಸುತ್ತಿದ್ದವರು. ಕಾಲಲ್ಲಿ ತುಳಿದರೆ ಗಾಳಿ, ಎರಡು ಕೈಯೂ ಖಾಲಿ.

ಬಸ್ಸಿನಲ್ಲಿ ಜುರಾಲ ಅಣೆಕಟ್ಟು ದಾಟುವಾಗ ರಂಜನಿ ಕಣ್ಣು ಮುಚ್ಚಿಕೊಂಡಳು. ನೀರೆಂದರೆ ಇನ್ನೂ ಭಯ. ಹಡಗು ನಡೆಸುವವಳು.

ಪೆದ್ದಪ್ಪನವರು ಕೇಳಿದ್ದು ಒಂದೇ, ಪದಕ್ಕೆ ಸಾಹಿತ್ಯ ಇಲ್ಲವೇ ಎಂದು. ಇಲ್ಲವೆಂದಳು. ಹಾಗಾದರೆ ತಪ್ಪಿದರೆ ಯಾರಿಗೂ ತಿಳಿಯುವುದಿಲ್ಲ ಬಿಡು ಎಂದು ಧೈರ್ಯ ಹೇಳಿ ಹೊರಗೆ ಹೋಗಿ ಕುಳಿತರು. ನಾನು ಫೋನು ಹಿಡಿದು ನಿಂತೆ. ಕರೆಂಟು ಹೋಗಿ ಫ್ಯಾನು ನಿಂತಿತು, ರೆಕಾರ್ಡಿಂಗಿಗೆ ಒಳ್ಳೆಯದೇ ಆಯಿತು. ಎಡಗೈ ಅಲ್ಲಲ್ಲಿ ಎಡವಿತು. ಬಲಗೈ ಮಾತ್ರ ಏನೋ ಹೇಳುತ್ತಿತ್ತು, ನಡುವೆ ತಡೆದು, ಬೇರೆ ರೀತಿ ಹೇಳುತ್ತಿತ್ತು. ಭಜನೆಯಲ್ಲಿ ತಾಳ ಮೊದಲ ಎಣಿಕೆಗೆ ಬೀಳುತ್ತದೆ, ಇದರಲ್ಲಿ ಎರಡಕ್ಕೆ ಮತ್ತು ನಾಲ್ಕಕ್ಕೆ. ಗಣಿತದವನಾದ್ದರಿಂದ ಗಮನಿಸಿದೆ, ಅಷ್ಟೇ.

ವಿಡಿಯೊದಲ್ಲಿ ಉದ್ದಕ್ಕೂ ಟಕ್ ಟಕ್ ಎಂದು ಸದ್ದು ಬಂದಿದೆ. ನನ್ನ ಚಪ್ಪಲಿಯದು. ಹೊಸದು, ಸ್ವಲ್ಪ ಸಡಿಲ. ಇನ್ನೊಮ್ಮೆ ತೆಗೆಯೋಣವೆಂದೆ. ರಂಜನಿ ಬೇಡವೆಂದಳು.

ಮೇ 19, ಸೋಮವಾರ

ಚೆನ್ನೈಯವರು ತೆಗೆದುಕೊಂಡಿದ್ದಾರೆ. ಮಾವ ಬಜಾರಿನಲ್ಲಿ ಪೇಡಾ ಹಂಚಿದರಂತೆ. ಪಕ್ಕದ ಅಂಗಡಿಯವರು ಅವರನ್ನು ಜಾಜ್ ಸಾವಕಾರ್ ಎಂದು ಕರೆಯತೊಡಗಿದ್ದಾರೆ, ಅವರಿಗೂ ಅದು ಹಿಡಿಸಿದೆ. ಫೀಸು ಹೇಳಿದರೆ ಮೆತ್ತಗಾಗುತ್ತಾರೆ ಎಂದುಕೊಂಡು ಹೇಳಿದೆ. ಮೆತ್ತಗಾಗಲಿಲ್ಲ. ಗುಂಡುಮಾಲಿನ ಹೊಲ ಕೊಟ್ಟುಬಿಡುತ್ತಾರಂತೆ. ಹಡಗಿನ ಕೆಲಸಕ್ಕೆ ಸಂಬಳ ದೊಡ್ಡದು, ಹೊಲದೇನು, ಮತ್ತೆ ಕೊಳ್ಳಬಹುದು ಎಂದರು. ಕೋಸಗಿಯ ವ್ಯಾಪಾರಿಯೊಬ್ಬ ನೋಡಿಕೊಂಡೂ ಹೋಗಿದ್ದಾನೆ.

ಆ ಹೊಲ ಅವರ ತಂದೆ ಕಲ್ಲು ಆಯ್ದು ಹಸನು ಮಾಡಿದ್ದು.

ಮೇ 20

ಬರೆಯುವಂಥದ್ದೇನೂ ಇಲ್ಲ. ಗದ್ವಾಲದ ವಿಡಿಯೊ ಮತ್ತೆ ಹಾಕಿ ಕೇಳಿದೆ, ಚಪ್ಪಲಿಯ ಸದ್ದು ಎಷ್ಟು ತೊಂದರೆ ಮಾಡಿದೆ ನೋಡೋಣವೆಂದು. ಅಷ್ಟೇನೂ ಮಾಡಿಲ್ಲ.

ಜೂನ್ 1, ಭಾನುವಾರ. ಹೈದರಾಬಾದು

ಹೈದರಾಬಾದಿನ ಮೇಡಂ ವಿಡಿಯೊ ನೋಡಿ ಎದುರಿಗೇ ಬಂದು ಬಾರಿಸಲು ಹೇಳಿದ್ದರು. ಮನೆಯಲ್ಲಿ ಹಾಸ್ಟೆಲ್ ಸಾಮಾನು ತರಲು ಎಂದು ಹೇಳಿ ಕೋಸಗಿ ಮೇಲಿಂದ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಈಗ ನಾನೂ ಸುಳ್ಳು ಹೇಳಿದ ಹಾಗಾಯಿತು.

ಹಳೆಯ ಬಂಗಲೆ. ಬೇವಿನ ಮರದ ಕೆಳಗೆ ಕಾಯಲು ಒಂದು ಬೆಂಚು. ಒಳಗೆ ಗೋಡೆಗೆ ಆನಿಸಿದ ಪಿಯಾನೊ. ಅಭ್ಯಾಸ ಮಾಡಿದ್ದನ್ನು ರಂಜನಿ ಹೇಗೋ ಬಾರಿಸಿದಳು. ಆಮೇಲೆ ಮೇಡಂ ಎದುರಿಗಿದ್ದ ಸ್ವರದ ಕಾಗದ ಮುಚ್ಚಿ, ನಿನಗೆ ತೋಚಿದ್ದು ಬಾರಿಸು ಎಂದರು. ಮಠದ ಮಂಗಳಾರತಿಯ ಧಾಟಿ ಹಿಡಿದುಕೊಂಡು ಹೊರಟಳು, ಚೆನ್ನಾಗಿಯೇ ಹೊರಟಳು. ನಡುವೆ ಎಡಗೈ ಪಟ್ಟಿಗಳನ್ನು ಬಿಟ್ಟು ಮೇಲೆದ್ದು ಪಿಯಾನೊದ ಹಲಗೆಯನ್ನು ತಳ್ಳತೊಡಗಿತು. ಗಾಳಿ ಹಾಕುತ್ತಿದೆ! ಪಿಯಾನೊಗೆ ಗಾಳಿ ಬೇಕಿಲ್ಲವೆಂದು ತಲೆಗೆ ಗೊತ್ತು, ಆ ಕೈಗೆ ಗೊತ್ತಿಲ್ಲ. ಅಲ್ಲಿದ್ದ ಇಬ್ಬರು ವಿದ್ಯಾರ್ಥಿಗಳು ನಕ್ಕರು. ನನಗೆ ಎದ್ದು ಹೋಗಿ ಅವರ ಕಿವಿ ಹಿಂಡಬೇಕೆನ್ನಿಸಿತು.

ಮೇಡಂ ನಗಲಿಲ್ಲ. ಮತ್ತೆ ಹಾಗೆಯೇ ಮಾಡು, ಕೈ ತಡೆಯಬೇಡ ಎಂದರು. ಮೇಜಿನ ಮೇಲೆ ತಾವೂ ಬೆರಳು ಬಡಿದರು. ಆಮೇಲೆ ನನ್ನ ಕಡೆ ತಿರುಗಿ ಹೈದರಾಬಾದಿ ಹಿಂದಿಯಲ್ಲಿ ವಿವರಿಸಿದರು: ಈ ಕೈ ತಳ್ಳುವುದು ಎರಡಕ್ಕೆ ಮತ್ತು ನಾಲ್ಕಕ್ಕೆ, ಯಾರೂ ಹೇಳಿಕೊಡದೆ. ಇದನ್ನು ಕಲಿಸುವುದಕ್ಕೇ ತಮಗೆ ಒಂದು ವರ್ಷ ಹಿಡಿಯುತ್ತದೆ. ಇನ್ನು ಈ ಕೈಗೆ ಪಟ್ಟಿಗಳ ದಾರಿ ತೋರಿಸಿದರೆ ಸಾಕು. ಭಾನುವಾರ ಚಿಕ್ಕ ಮಕ್ಕಳ ತರಗತಿಗೆ ಬಾರಿಸಿದರೆ ಫೀಸಿನಲ್ಲಿ ಅರ್ಧ ಬಿಡುತ್ತಾರಂತೆ.

ಹೊರಡುವಾಗ, ವಿಡಿಯೊದಲ್ಲಿ ತಾಳ ಹಾಕುತ್ತಿದ್ದವರು ಯಾರೆಂದು ಕೇಳಿದರು. ಚಪ್ಪಲಿ ಸಡಿಲವಿತ್ತು ಎಂದೆ.

ಬಸ್ಸಿನಲ್ಲಿ ರಂಜನಿ ಕಿಟಕಿಯ ಸರಳಿನ ಮೇಲೆ ಎಡಗೈ ಬೆರಳು ಆಡಿಸುತ್ತ ಕುಳಿತಿದ್ದಳು. ಅಷ್ಟು ಸಂತೋಷವಾಗಿ ಅವಳನ್ನು ನಾನು ನೋಡಿರಲಿಲ್ಲ. ಅಪ್ಪನಿಗೆ ನೀನೇ ಹೇಳಬೇಕು, ಹೊಲ ಮಾರುವ ಮೊದಲು ಎಂದೆ. ಬೆರಳು ನಿಂತವು.

"ಹೇಳಿದ್ರ ಎಲ್ಲಿಗೂ ಕಳಸಲ್ಲರಿ ಮಾಮಾ. ರಾಯಚೂರಾಗ ಫಾರ್ಮಸಿಗೆ ಹಾಕ್ತಾರ."

ಅದು ನಿಜವಿರಬಹುದು ಎಂದೆ.

ಜೂನ್ 4

ಮಾವನ ಫೋನು. ಕೋಸಗಿಯವನು ಬರುವ ಸೋಮವಾರ ಮುಂಗಡ ತರುತ್ತಾನಂತೆ. ಸಾಕ್ಷಿ ಸಹಿಗೆ ನಾನು ಬರಬೇಕಂತೆ.

ಜೂನ್ 8, ಭಾನುವಾರ. ಮಕ್ತಲ್

ಊಟಕ್ಕೆ ಮೊದಲೇ ರಂಜನಿ ಹೇಳಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಬಂದು ಅಪ್ಪನ ಎದುರು ನಿಂತಳು. ಹಡಗಲ್ಲ, ಸಂಗೀತ. ಪಿಯಾನೊ. ಚೆನ್ನೈ ಬೇಡ, ಹೈದರಾಬಾದು ಸಾಕು, ಹೊಲ ಮಾರಬೇಡಿ. ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಕುಳಿತಿದ್ದ ನಾನೂ ಎದ್ದು ನಿಂತೆ. ಯಾಕೋ ಗೊತ್ತಿಲ್ಲ, ಓದುವವಳು ಅವಳು.

ಮಾವ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ತಾವು ಇಷ್ಟು ದಿನ ಬಜಾರಿನಲ್ಲಿ ಯಾರಿಗೆ ಏನೇನು ಹೇಳಿದ್ದರೋ ಅದನ್ನೆಲ್ಲ ನೆನೆಯುತ್ತ ಕುಳಿತಂತೆ ಕಂಡರು. ಆಮೇಲೆ ನನ್ನ ಕಡೆ ತಿರುಗಿದರು.

"ನಿನಗ ಗೊತ್ತಿತ್ತೇನು ಸಿದ್ದರಾಮ?"

ಗೊತ್ತಿತ್ತು ಎಂದೆ. ಮೊದಲನೇ ದಿನದಿಂದಲೇ.

"ಮಂದಿ ನನ್ನ ಜಾಜ್ ಸಾವಕಾರ ಅಂತಿದ್ರು. ನೀವೆಲ್ಲ ಮನಿಯಾಗ ಕುಂತು ನಗತಿದ್ರಿ ಅಂತಾತು."

ನಕ್ಕಿರಲಿಲ್ಲ. ಆದರೂ ಅವರು ಹೇಳಿದ್ದು ಸುಳ್ಳೆನ್ನಲು ನನ್ನಿಂದ ಆಗಲಿಲ್ಲ. ಆ ಮನುಷ್ಯ ತಾವು ಕಾಣದ ಸಮುದ್ರಕ್ಕೆ ತಂದೆಯ ಹೊಲ ಮಾರಲು ಹೊರಟಿದ್ದರು. ನನಗೆ ನಾಚಿಕೆಯಾಯಿತು. ಮಾವ ಎದ್ದು ಅಂಗಿ ಹಾಕಿಕೊಂಡು ಹೊರಗೆ ಹೊರಟರು, ಬಾಗಿಲಲ್ಲಿ ಚಪ್ಪಲಿ ಮೆಟ್ಟಿದರು. ಮಗಳು ಎಲ್ಲಿಗೂ ಹೋಗುವುದು ಬೇಡ, ನಾಳೆ ರಾಯಚೂರಿಗೆ ಹೋಗಿ ಫಾರ್ಮಸಿ ಸೀಟು ವಿಚಾರಿಸುತ್ತೇನೆ ಎಂದರು. ಅಕ್ಕ ಅಳತೊಡಗಿದಳು. ರಂಜನಿ ಅಳಲಿಲ್ಲ, ಎಡಗೈಯನ್ನು ಬಲಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ನಿಂತಿದ್ದಳು.

ಸಂಗಮ್ಮತ್ತೆ ಅಷ್ಟು ಹೊತ್ತೂ ಗೋಡೆಗೆ ಒರಗಿ ಕುಳಿತಿದ್ದರು. ಕೇಳಿಸಿತೋ ಇಲ್ಲವೋ ಎಂದುಕೊಂಡಿದ್ದೆ. ಅವರು ಮೊಮ್ಮಗಳನ್ನು ಕರೆದು, ಹಾಗಾದರೆ ನೀರಿಗೆ ಇಳಿಯುವುದಿಲ್ಲವೇನೇ ಎಂದು ಕೇಳಿದರು. ಇಲ್ಲ ಅಜ್ಜಿ ಎಂದಳು. ಪೇಟಿ ಬಾರಿಸುವುದಕ್ಕೂ ಕಾಲೇಜು ಇದೆಯೇ? ಇದೆ ಅಜ್ಜಿ. ಅದಕ್ಕೂ ಜಾಜ್ ಅಂತಲೇ ಅನ್ನುತ್ತಾರಾ? ಹೌದು, ಅದಕ್ಕೂ ಜಾಜ್ ಅಂತಲೇ ಅನ್ನುತ್ತಾರೆ.

ಅತ್ತೆ ಮಗನ ಕಡೆ ತಿರುಗಿದರು.

"ಗುರು, ಚಪ್ಪಲಿ ಬಿಡು. ನಾ ಮಲ್ದಕಲ್ ದೇವರಿಗೆ ಹರಕಿ ಹೊತ್ತೀನಿ. ನಮ್ಮ ಹುಡುಗಿಗೆ ಜಾಜ್ ಸಿಗಲಿ ಅಂತ ಬೇಡಿಕೊಂಡೀನಿ. ಸಿಕ್ಕೈತಿ."

ಮಾವ ಅದು ಬೇರೆ, ಇದು ಬೇರೆ ಎಂದರು. ನೀನು ಹಡಗೆಂದುಕೊಂಡು ಹೊತ್ತದ್ದು ಎಂದರು.

"ನನಗ ತಿಳೀಲಿಲ್ಲ, ಖರೆ. ಅವಗ ಯಾವ ಜಾಜ್ ಅಂತ ತಿಳೀದೇನು? ಕೊಟ್ಟಿದ್ದು ತಪ್ಪಾಗೇತಿ, ತಿರುಗಿ ಇಸಕೋ ಅಂತ ನೀ ಹೋಗಿ ಹೇಳು ಅವಗ. ನಾ ಹೇಳಾಕಿಯಲ್ಲ."

ಅಡತಿ ವ್ಯಾಪಾರದಲ್ಲಿ ಎಂಥೆಂಥವರನ್ನು ಮಾತಿನಲ್ಲಿ ಮಣಿಸಿದ ಮಾವ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತೇ ಇದ್ದರು. ಆಮೇಲೆ ಚಪ್ಪಲಿ ಬಿಟ್ಟರು. ಒಳಗೆ ಬಂದು ಕುಳಿತು, ಹುಡುಗಿಯ ಮುಖ ನೋಡದೆ ನನ್ನನ್ನು ಕೇಳಿದರು: "ಆ ಊರಾಗ ನಾಳೆ ಏನಾರ ಆದ್ರ ಯಾರು ಹೊಣಿ?"

"ನಾ ಹೊಣಿ ಮಾವ."

ಹಾಗೆ ಯಾಕೆ ಹೇಳಿದೆನೋ ತಿಳಿಯದು. ಬಹುಶಃ ಊಟದ ಹೊತ್ತು ಮೀರಿತ್ತು.

ಜೂನ್ 9

ಕೋಸಗಿಯವನನ್ನು ಮಾವ ಚಹಾ ಕುಡಿಸಿ ವಾಪಸ್ಸು ಕಳಿಸಿದರಂತೆ. ಫಾರ್ಮಸಿ ವಿಚಾರಿಸಲು ರಾಯಚೂರಿಗೆ ಹೋಗಲಿಲ್ಲ. ಮಗಳ ಜೊತೆ ಮಾತಾಡಿಲ್ಲ.

ಜುಲೈ 13, ಭಾನುವಾರ

ಮಲ್ದಕಲ್‌ಗೆ ಹೋಗಿ ಅತ್ತೆಯ ಹರಕೆ ತೀರಿಸಿ ಬಂದದ್ದು ಮೊನ್ನೆ. ಇವತ್ತು ರಂಜನಿ ಹೊರಟಳು, ನಾನು ಹಾಸ್ಟೆಲಿನ ತನಕ ಬಿಟ್ಟು ಬಂದೆ. ಮಕ್ತಲ್ ಬಸ್ ಸ್ಟ್ಯಾಂಡಿಗೆ ಮಾವ ಬರುವುದಿಲ್ಲ ಎಂದುಕೊಂಡಿದ್ದೆವು. ಬಂದರು. ಬಸ್ಸು ಹತ್ತಿ ಕಿಟಕಿಯ ಪಕ್ಕದ ಸೀಟಿಗೆ ತಮ್ಮ ಟವೆಲ್ ಹಾಕಿ ಇಳಿದರು. ಅಡತಿಯವರೊಬ್ಬರು ಎದುರಾಗಿ, ಮಗಳು ಜಾಜ್ ಕಲಿಯಲು ಹೊರಟಳಂತಲ್ಲ ಎಂದರು. ಮಾವ ಹೌದು ಎಂದರು. ಮದ್ರಾಸಿಗಾ ಎಂದು ಅವರು ಕೇಳಿದರು.

"ಅಲ್ಲರಿ, ಹೈದರಾಬಾದಿಗೆ. ಇದು ಬಾರಸೋ ಜಾಜ್. ಪೇಟಿಯಂಥಾದ್ದು."

ಆ ಮನುಷ್ಯನಿಗೆ ಏನೂ ತಿಳಿಯಲಿಲ್ಲ. ಬಸ್ಸಿನೊಳಗೆ ಕುಳಿತಿದ್ದ ರಂಜನಿಗೆ ಕೇಳಿಸಿತು. ಇಷ್ಟು ದಿನ ಅಳದಿದ್ದವಳು ಆಗ ಅತ್ತಳು. ಟವೆಲ್ ಅಪ್ಪನಿಗೆ ವಾಪಸ್ಸು ಕೊಡಲಿಲ್ಲ, ಅವರೂ ಕೇಳಲಿಲ್ಲ.

ಜುಲೈ 21, ಸೋಮವಾರ

ಬೋನಾಲು ಹಬ್ಬದ ರಜೆ. ಮಕ್ತಲ್‌ಗೆ ಹೋಗಿದ್ದೆ, ಅಕ್ಕ ಒಬ್ಬಳೇ ಬೇಸರದಲ್ಲಿರುತ್ತಾಳೆಂದು. ಸಂಜೆ ಸಂಗಮ್ಮತ್ತೆ ಮಠಕ್ಕೆ ಕರೆದುಕೊಂಡು ಹೋಗು ಎಂದರು. ಭಜನೆಯಲ್ಲಿ ಪೇಟಿ ಮೂಲೆಯಲ್ಲಿ ಮುಚ್ಚಿಕೊಂಡು ಕುಳಿತಿತ್ತು, ಬಾರಿಸುವವರಿಲ್ಲ. ಇಲಿ ಹೊಕ್ಕಿದೆಯೋ ಏನೋ ನೋಡೋಣವೆಂದು ತೆರೆದೆ. ಹೊಕ್ಕಿರಲಿಲ್ಲ. ತೆರೆದ ಮೇಲೆ ಸುಮ್ಮನೆ ಒಂದೆರಡು ಪಟ್ಟಿ ಒತ್ತಿದೆ. ಮಂಗಳಾರತಿ ಶುರುವಾಗಿಬಿಟ್ಟಿತು, ಧಾಟಿ ಕೇಳಿ ಕೇಳಿ ಗೊತ್ತಿತ್ತು, ನಿಲ್ಲಿಸಿದರೆ ಚೆನ್ನಾಗಿರುವುದಿಲ್ಲವೆಂದು ಹಾಗೇ ಮುಂದುವರಿಸಿದೆ. ಬಲಗೈ ಬಹಳ ಕಡೆ ತಪ್ಪಿತು.

ನಡುವೆಯೇ ಹುಡುಗಿಯ ಫೋನು ಬಂತು. ಅತ್ತೆ ಸ್ಪೀಕರ್ ಹಾಕಿ ನನ್ನ ಪಕ್ಕದಲ್ಲೇ ಹಿಡಿದರು.

"ಏನವ್ವಾ, ಜಾಜ್ ಹತ್ತಿದಿ?"

"ಹತ್ತೀನಿ ಅಜ್ಜಿ," ಎಂದು ನಕ್ಕಳು. ಆಮೇಲೆ ಪೇಟಿಯ ಸದ್ದಿಗೆ ಕಿವಿಗೊಟ್ಟಳು. "ಪೇಟಿ ಯಾರು ಬಾರಸಾಕತ್ಯಾರ?"

"ನಿನ್ನ ಮಾಮಾ."

ನಾನು ನಾಚಿ ಕೈ ತೆಗೆಯಲು ಹೊರಟಿದ್ದೆ.

"ಮಾಮಾ, ಬಲಗೈ ತಪ್ಪಿದ್ರೂ ತಪ್ಪಲಿ. ಎಡಗೈ ನಿಲ್ಲಸಬ್ಯಾಡ್ರಿ."

ನಿಲ್ಲಿಸಲಿಲ್ಲ. ಮಂಗಳಾರತಿ ಮುಗಿಯುವ ತನಕ ಗಾಳಿ ಹಾಕಿದೆ.